‘ಓಡಾಟ’ದಲ್ಲಿ ಓಟ ಎಲ್ಲಿದೆ, ಆಟ ಎಲ್ಲಿದೆ?

ಪ್ರಶ್ನೆ: ‘ಓಡಾಡು’ ಅಂದರೆ ಓಡುವುದಾ, ನಡೆಯುವುದಾ? ಅದರಲ್ಲಿ ‘ಆಟ’ ಯಾಕೆ ಸೇರಿಕೊಂಡಿದೆ?

ಇದಕ್ಕೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಲ್ಲ. ಈ ಸಲ ಪೂರ್ತಿ ಬರೆದುಬಿಡುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಮೊದಲು ಅರ್ಥ. ಹೋಗುವುದು, ಬರುವುದು, ಮತ್ತೆ ಹೋಗುವುದು. ಅಷ್ಟೇ. ಮಂಡಿ ಆಪರೇಷನ್ ಆದ ಮೇಲೆ ನಮ್ಮತ್ತೆಗೆ ಡಾಕ್ಟರು ಹೇಳಿದ್ದು ಹೀಗೆ: ‘ಮನೆಯೊಳಗೆ ಓಡಾಡಿ ಅಮ್ಮಾ, ಓಡೋಕೆ ಮಾತ್ರ ಹೋಗಬೇಡಿ.’ ಅತ್ತೆ ವಾಕರ್ ಊರಿಕೊಂಡು ಹಾಲಿನಿಂದ ಅಡುಗೆಮನೆ ಬಾಗಿಲವರೆಗೆ ಹೋದರು, ಚೌಕಟ್ಟು ಹಿಡಿದು ಸುಧಾರಿಸಿಕೊಂಡು ವಾಪಸ್ ಬಂದರು. ಅದು ಓಡಾಟ. ದಿನಾ ಮಂಡ್ಯದಿಂದ ಬೆಂಗಳೂರಿಗೆ ರೈಲಲ್ಲಿ ಕೆಲಸಕ್ಕೆ ಹೋಗಿಬರುವವರದೂ ಓಡಾಟವೇ. ಬೆಂಗಳೂರಿಗೆ ಹೋಗಿ ಅಲ್ಲೇ ಉಳಿದವರನ್ನು ‘ಬೆಂಗಳೂರಿಗೆ ಓಡಾಡಿದರು’ ಅನ್ನುತ್ತೇವಾ? ಇಲ್ಲ. ವಾಪಸ್ ಬರಲೇಬೇಕು.

ಈಗ ಆ ಹಠಮಾರಿ ನಂಬಿಕೆಗೆ ಬರೋಣ. ‘ಓಡಾಟ ಅಂದರೆ ಓಡುವ ಆಟ, ಮಕ್ಕಳ ಆಟದಿಂದ ಬಂದ ಪದ’ ಅಂತ. ಲೋಪಸಂಧಿ ಬಿಡಿಸುವಾಗ ‘ಓಡು + ಆಟ’ ಅಂತ ಬರೆಸುತ್ತಾರಲ್ವಾ, ಬಿಡಿಸಿದ್ದು ಸರಿ, ಆದರೆ ಅಲ್ಲಿ ಕಂಡ ‘ಆಟ’ವನ್ನು ಎಲ್ಲರೂ ಕಬಡ್ಡಿ, ಕುಂಟೆಬಿಲ್ಲೆ ಅಂತಲೇ ತಿಳಿಯುತ್ತಾರೆ. ಇನ್ನೂ ಕೆಲವರು ಒಂದು ಹೆಜ್ಜೆ ಮುಂದೆ ಹೋಗಿ, ‘ನರಳಾಟ, ಒದ್ದಾಟ ಅನ್ನಬೇಡಿ, ಇನ್ನೊಬ್ಬರ ಕಷ್ಟವನ್ನು ಆಟ ಅಂದಹಾಗಾಗುತ್ತೆ’ ಎಂದು ತಿದ್ದುತ್ತಾರೆ. ತಿದ್ದುವವರ ಮನಸ್ಸು ಒಳ್ಳೆಯದು, ಆದರೆ ತಿದ್ದಿದ್ದು ತಪ್ಪು.

ಉಸಿರಾಟ ಯಾವ ಆಟ ಹೇಳಿ? ಉಸಿರು ಒಳಗೆ ಹೋಗುತ್ತೆ, ಹೊರಗೆ ಬರುತ್ತೆ. ಚಕ್ಕುಲಿ ತುಂಬಿಡೋದು ಗಾಳಿಯಾಡದ ಡಬ್ಬದಲ್ಲಿ. ನಾಯಿ ಬಾಲ ಆಡಿಸುತ್ತೆ. ಮೈಸೂರು ಪಾಕು ಮಾಡುವಾಗ ತಳ ಹತ್ತದಂತೆ ಕೈಯಾಡಿಸುತ್ತಲೇ ಇರಬೇಕು, ಒಂದು ನಿಮಿಷ ಕೈ ನಿಂತರೆ ಮುಗೀತು. ಇಲ್ಲೆಲ್ಲ ‘ಆಡು’ ಅಂದರೆ ಅಲುಗಾಡು, ಅತ್ತಿತ್ತ ಚಲಿಸು. ತಮಿಳಿನವರು ಹಲ್ಲು ಸಡಿಲವಾದರೆ ‘ಪಲ್ ಆಡುದು’ ಅನ್ನುತ್ತಾರೆ. ಅದೇ ಪದ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟಿನಲ್ಲೂ ‘ಆಡು’ ತೆಗೆದು ನೋಡಿ, ಚಲಿಸುವ ಅರ್ಥವೂ ಇದೆ, ಆಟ ಆಡುವ, ಮಾತು ಆಡುವ ಅರ್ಥಗಳೂ ಇವೆ. ಮಕ್ಕಳ ಆಟ ‘ಆಡು’ವಿನ ಒಂದು ಅರ್ಥ, ಅದೊಂದೇ ಅರ್ಥ ಅಂದುಕೊಂಡಿದ್ದೇ ಎಡವಟ್ಟು.

ಈ ‘ಆಡು’ ಇನ್ನೊಂದು ಕ್ರಿಯಾಪದದ ಬೆನ್ನಿಗೆ ಅಂಟಿಕೊಂಡಾಗ ಏನು ಮಾಡುತ್ತೆ ನೋಡಿ, ನನಗೆ ಕನ್ನಡದಲ್ಲಿ ಬಹಳ ಇಷ್ಟವಾದ ಜಾಗ ಇದು. ಗುಬ್ಬಿ ಹಾರಿತು ಅಂದರೆ ಕಿಟಕಿಯಿಂದ ಆಚೆ ಹೋಯಿತು. ಗುಬ್ಬಿ ಹಾರಾಡಿತು ಅಂದರೆ ಇನ್ನೂ ರೂಮಿನೊಳಗೇ ಇದೆ, ಮೊದಲು ಫ್ಯಾನ್ ಆಫ್ ಮಾಡಿ. ಹೊಡೆದ ಅಂದರೆ ಏಟು ಒಂದೇ ಕಡೆಯಿಂದ. ಹೊಡೆದಾಡಿದರು ಅಂದರೆ ಅತ್ತಲಿಂದಲೂ ಬಿತ್ತು, ಇತ್ತಲಿಂದಲೂ ಬಿತ್ತು. ಹುಡುಕಿದೆ ಬೇರೆ, ಹುಡುಕಾಡಿದೆ ಬೇರೆ: ನೋಡಿದ ಡ್ರಾಯರನ್ನೇ ಮತ್ತೆ ಮತ್ತೆ ಎಳೆದು ನೋಡಿದ್ದು ಹುಡುಕಾಟ. ಒಮ್ಮೆ ಮುಗಿಯದೆ ಮರುಕಳಿಸುವುದೆಲ್ಲ ಇದರ ಪಾಲಿಗೆ ಬರುತ್ತೆ. ನರಳಾಟವೂ ಅಷ್ಟೇ, ಬಿಟ್ಟುಬಿಟ್ಟು ಬರುವ ನೋವಿನ ದನಿ.

ಹುಬ್ಬಳ್ಳಿ ಧಾರವಾಡದ ಕಡೆ ಓಡಾಡುವುದಕ್ಕೆ ಅಡ್ಡಾಡು ಅನ್ನುತ್ತಾರೆ. ಅದೂ ಇದೇ ಸಂಸಾರದ್ದು.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಮಲಗು, ಕೂರು, ಇವಕ್ಕೆ ‘ಆಡು’ ಯಾಕೆ ಸೇರಲ್ಲ? ‘ಮಲಗಾಡು’ ಅಂತ ಯಾರೂ ಅನ್ನಲ್ಲ. ಮಲಗುವುದರಲ್ಲಿ ಅಲುಗಾಟವೇ ಇಲ್ಲವಲ್ಲ. ನಿದ್ದೆ ಬರದೆ ರಾತ್ರಿಯೆಲ್ಲ ಆ ಮಗ್ಗುಲು ಈ ಮಗ್ಗುಲು ಆದರೆ ಮಾತ್ರ ‘ಆಡು’ ಹಾಸಿಗೆಗೂ ಬರುತ್ತೆ: ಹೊರಳಾಡು.