ಕ್ಯಾಸಿನೊ ಗೋವಾದಲ್ಲಿ, ಕೇಸು ದಾವಣಗೆರೆಯಲ್ಲಿ

ದಾವಣಗೆರೆಯಲ್ಲಿ ಕ್ಯಾಸಿನೊ ಇಲ್ಲ. ಆದರೂ ಕ್ಯಾಸಿನೊ ಸಾಲದ ಕಾಗದ ಹಿಡಿದು ನನ್ನ ವಕೀಲಿ ಆಫೀಸಿಗೆ ಬರುವವರು ಕಡಿಮೆಯೇನಿಲ್ಲ. ಶುಕ್ರವಾರ ರಾತ್ರಿ ನಾಲ್ಕು ಜನ ಕಾರು ಹತ್ತಿದರೆ ಬೆಳಗಾಗುವಷ್ಟರಲ್ಲಿ ಪಣಜಿ. ಮಾಂಡೋವಿ ನದಿಯಲ್ಲಿ ಕ್ಯಾಸಿನೊ ಹಡಗು ನಿಂತಿರುತ್ತದೆ. ಟಿಕೆಟ್ಟಿನಲ್ಲೇ ಊಟ, ಕುಡಿತ, ಆಡೋಕೆ ಒಂದಿಷ್ಟು ಚಿಪ್ಸು, ಅಂದರೆ ದುಡ್ಡಿನ ಬದಲು ಪಣಕ್ಕಿಡುವ ಬಿಲ್ಲೆ. ಆ ಚಿಪ್ಸನ್ನು ಆಡಬಹುದು ಅಷ್ಟೇ, ಕೌಂಟರಿನಲ್ಲಿ ಕೊಟ್ಟು ದುಡ್ಡು ಕೇಳುವ ಹಾಗಿಲ್ಲ.

ಗೋವಾ ಸರ್ಕಾರ ತನ್ನ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಿಗೂ, 1996ರಲ್ಲಿ ಹಡಗುಗಳಿಗೂ ದಾರಿ ಮಾಡಿಕೊಟ್ಟಿತು. ಅಲ್ಲಿನ ಹುಡುಗರಿಗೆ ಕೆಲಸ, ಟ್ಯಾಕ್ಸಿಗೆ ಬಾಡಿಗೆ, ಸರ್ಕಾರಕ್ಕೆ ಲೈಸೆನ್ಸ್ ಶುಲ್ಕ ಸಿಕ್ಕಿದ್ದು ನಿಜ. ಆದರೆ 2020ರ ಫೆಬ್ರುವರಿಯಿಂದ ಗೋವಾದವರು ಮಾತ್ರ ಕ್ಯಾಸಿನೊದಲ್ಲಿ ಆಡುವಂತಿಲ್ಲ ಅಂತ ಅದೇ ಸರ್ಕಾರ ನಿಯಮ ಮಾಡಿತು. ನಮ್ಮ ಜನ ಹಾಳಾಗೋದು ಬೇಡ, ಹೊರಗಿನವರ ದುಡ್ಡು ಬರಲಿ. ಲೆಕ್ಕ ಸರಿಯಾಗೇ ಇದೆ, ಅಲ್ವಾ? ಆ ಹೊರಗಿನವರಲ್ಲಿ ನಾವೂ ಇದ್ದೇವೆ.

ರೂಲೆಟ್ ಅಂದರೆ ಅಂಕಿ ಬರೆದ ಚಕ್ರ ತಿರುಗಿಸಿ, ಚೆಂಡು ಯಾವ ಮನೆಯಲ್ಲಿ ನಿಲ್ಲುತ್ತೆ ಅಂತ ಪಣ ಕಟ್ಟುವ ಆಟ. ಚಕ್ರದಲ್ಲಿ ಒಂದೇ ಸೊನ್ನೆ ಇದ್ದರೆ ಒಟ್ಟು 37 ಮನೆ. ಎಲ್ಲಾ ಮನೆಗೂ ನೂರು ನೂರು ಇಟ್ಟರೆ 3,700 ಹಾಕಿದ ಹಾಗಾಯಿತು. ಗೆಲ್ಲೋದು ಒಂದೇ ಮನೆ, ಅದರಿಂದ ಕೈಗೆ ಬರೋದು 3,600. ಅಂದರೆ ನೂರಕ್ಕೆ 2 ರೂಪಾಯಿ 70 ಪೈಸೆ ಅವರದು. ಇಷ್ಟೇನಾ ಅನ್ನುತ್ತಾರೆ ನಮ್ಮವರು. ಊರಲ್ಲಿ ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ. ಅಲ್ಲಿ ಚಕ್ರದ ಒಂದೊಂದು ಸುತ್ತಿಗೂ 2.70. ಇನ್ನು ಗೆದ್ದರೆ ಶೇ. 30 ಆದಾಯ ತೆರಿಗೆ. ಸೋತಿದ್ದನ್ನು ಅದರಲ್ಲಿ ಕಳೆಯೋಕೆ ಕಾನೂನು ಬಿಡಲ್ಲ.

ಕಿಸೆಯ ದುಡ್ಡಷ್ಟೇ ಹೋಗಿದ್ದರೆ ಅವರು ನನ್ನ ಹತ್ತಿರ ಬರುತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೆ ಜೊತೆಗೆ ಬಂದವನೇ ‘ಅಣ್ಣಾ, ಊರಿಂದ ಹಾಕಿಸ್ತೀನಿ’ ಅನ್ನುತ್ತಾನೆ. ಫೋನಿಗೆ ದುಡ್ಡು ಬರುತ್ತದೆ. ಸೋಮವಾರ ದಿನದಿನಕ್ಕೂ ಏರುವ ಮೀಟರ್ ಬಡ್ಡಿ ಶುರು. ಸಾಲದ ಭದ್ರತೆಗೆ ಅಂತ ಸಹಿ ಹಾಕಿದ ಖಾಲಿ ಚೆಕ್ಕು, ಪ್ರೋನೋಟು. ಮೊತ್ತ ದೊಡ್ಡದಾದರೆ ತೋಟದ ಮೇಲೆ ಕ್ರಯದ ಕರಾರು. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಕಾಗದದಲ್ಲಿ ‘ಮಗಳ ಮದುವೆ ಖರ್ಚಿಗಾಗಿ ಕೈಗಡ’ ಅಂತ ಬರೆದಿತ್ತು. ಮಗಳು ಓದುತ್ತಿದ್ದಿದ್ದು ನಾಲ್ಕನೇ ಕ್ಲಾಸು.

ಜೂಜಿನ ಒಪ್ಪಂದ ಕೋರ್ಟಿನಲ್ಲಿ ನಿಲ್ಲಲ್ಲ ಅನ್ನೋದು 1872ರ ಕರಾರು ಕಾಯ್ದೆಯಲ್ಲೇ ಇದೆ. ಕಕ್ಷಿದಾರರು ಅದನ್ನು ಎಲ್ಲೋ ಕೇಳಿಕೊಂಡು ಧೈರ್ಯವಾಗಿ ಬರುತ್ತಾರೆ. ಆದರೆ ಚೆಕ್ಕಿಗೆ ಸಹಿ ಬಿದ್ದ ಮೇಲೆ ಅದನ್ನು ಸಾಲಕ್ಕೇ ಕೊಟ್ಟಿದ್ದು ಅಂತ ಕೋರ್ಟು ಅಂದುಕೊಳ್ಳುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ಸಹಿ ಹಾಕಿದವನದು. ಖಾಲಿ ಚೆಕ್ಕಿಗೂ ಇದೇ ಮಾತು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಈ ಚೆಕ್ಕಿಗೆ ದುಡ್ಡು ಕೊಡಬೇಡಿ ಅಂತ ಬ್ಯಾಂಕಿಗೆ ಹೋಗಿ ಸ್ಟಾಪ್ ಪೇಮೆಂಟ್ ಬರೆದುಕೊಟ್ಟರೂ ಚೆಕ್ ಬೌನ್ಸ್ ಕೇಸು ತಪ್ಪಲ್ಲ. ನೋಟಿಸ್ ಬಂದರೆ ತಗೊಳ್ಳಿ. ಪೋಸ್ಟ್‌ಮ್ಯಾನ್ ನೋಡಿ ಬಾಗಿಲು ಹಾಕಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ, ಅದರಿಂದ ಉದ್ಧಾರ ಆದವರನ್ನು ಕಂಡಿಲ್ಲ. ದುಡ್ಡು ಕಟ್ಟೋಕೆ ಸಿಗೋದು 15 ದಿನ. ತಪ್ಪಿತಸ್ಥ ಅಂತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲ ಚೆಕ್ಕಿನ ಎರಡರಷ್ಟು ದಂಡ, ಕೆಲವೊಮ್ಮೆ ಎರಡೂ.

ಮನೆಯವರ ಕೈಯಲ್ಲಿ ಸ್ವಲ್ಪ ಬಲ ಇದೆ. ಜೂಜಿಗೆ, ಕುಡಿತಕ್ಕೆ ಅಪ್ಪ ಮಾಡಿದ ಸಾಲ ಮಕ್ಕಳ ತಲೆಗೆ ಬರಲ್ಲ ಅಂತ ಹಳೇ ಧರ್ಮಶಾಸ್ತ್ರದಲ್ಲೇ ಇತ್ತು. ಹಿಂದೂ ವಾರಸಾ ಕಾಯ್ದೆಯ 2005ರ ತಿದ್ದುಪಡಿಯಾದ ಮೇಲೆ, ಮಗ ಅನ್ನುವ ಒಂದೇ ಕಾರಣಕ್ಕೆ ಅಪ್ಪನ ಯಾವ ಹೊಸ ಸಾಲವೂ ಅವನ ಮೇಲೆ ಬರಲ್ಲ. ಪಿತ್ರಾರ್ಜಿತ ತೋಟವನ್ನು ಮನೆಯ ಅಗತ್ಯಕ್ಕಲ್ಲದೆ ಬರೆದುಕೊಟ್ಟಿದ್ದರೆ ಮಗ, ಮಗಳು ಇಬ್ಬರೂ ಪ್ರಶ್ನಿಸಬಹುದು. ಸಾಲ ಕೊಟ್ಟವರಿಗೆ ಸಿಗೋದು ಅಪ್ಪನ ಪಾಲು ಮಾತ್ರ. ಹೆಂಡತಿಯ ಒಡವೆ ಸ್ತ್ರೀಧನ, ಅದು ಅವಳದ್ದೇ. ಆದರೆ ಅವರು ನನ್ನ ಹತ್ತಿರ ಬರುವಷ್ಟರಲ್ಲಿ ಒಡವೆ ಅಡವಿಟ್ಟು ವರ್ಷವಾಗಿರುತ್ತದೆ.

ಇದು ಒಂದು ಮನೆಗೆ ಮುಗಿಯುವುದೂ ಇಲ್ಲ. ಎಪಿಎಂಸಿಯಲ್ಲಿ ವ್ಯಾಪಾರ ಮಾಡುವವನೊಬ್ಬ ಕೈ ಎತ್ತಿದರೆ ಮೆಕ್ಕೆಜೋಳ ಹಾಕಿದ ರೈತರ ಬಾಕಿ ನಿಲ್ಲುತ್ತದೆ. ಹಮಾಲರ ಕೂಲಿ, ಲಾರಿ ಬಾಡಿಗೆ ಎಲ್ಲಾ ನಿಲ್ಲುತ್ತದೆ. ಅವರ್ಯಾರೂ ಹಡಗು ನೋಡಿದವರಲ್ಲ.

2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡಿದವನಿಗೆ ಅದರಲ್ಲಿ ಶಿಕ್ಷೆ ಇಲ್ಲ, ಸುಮ್ನೆ ಹೆದರಬೇಡಿ. ಆದರೆ ಆ ಕಾನೂನು ಹಡಗಿಗೆ ತಾಗಲ್ಲ.

ಸಿಂಗಾಪುರದಲ್ಲಿ ಮನೆಯವರೇ ಅರ್ಜಿ ಕೊಟ್ಟು ಒಬ್ಬನನ್ನು ಕ್ಯಾಸಿನೊ ಬಾಗಿಲಲ್ಲೇ ತಡೆಯಬಹುದು. ಗೋವಾದ ನಿಯಮಕ್ಕಿಂತ ನನಗೆ ಇದು ಹೆಚ್ಚು ನ್ಯಾಯ ಅನ್ನಿಸುತ್ತದೆ. ಊರು ಯಾವುದು ಅಂತ ಕೇಳದೆ ಮನೆಯವರ ಮಾತು ಕೇಳುವ ವ್ಯವಸ್ಥೆ ಅದು.

ವಕೀಲರ ಹತ್ತಿರ ಬರುವಾಗ ಚೆಕ್ ಪುಸ್ತಕದ ಉಳಿದ ಭಾಗ, ಬ್ಯಾಂಕ್ ಸ್ಟೇಟ್‌ಮೆಂಟು, ಫೋನಿನಲ್ಲಿ ದುಡ್ಡು ಬಂದ ತಾರೀಖು ಮತ್ತು ಹೊತ್ತು, ಇಷ್ಟು ತನ್ನಿ. ರಾತ್ರಿ ಎರಡಕ್ಕೆ ಬಂದ ದುಡ್ಡು ಮದುವೆ ಖರ್ಚಿಗೆ ಅಂತ ವಾದಿಸುವುದು ಎದುರಿನವರಿಗೂ ಸುಲಭ ಅಲ್ಲ. ಆಡುವುದನ್ನೇ ಬಿಡೋಕೆ ಆಗುತ್ತಿಲ್ಲ ಅಂದರೆ ನನಗಿಂತ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.