ಪದ ಪರಿಚಯ: ಮಯೋಸಿನ್ ಐಸೋಫಾರ್ಮ್

ಸ್ನಾಯುವನ್ನು ಬಿಗಿಯುವ ಮುಖ್ಯ ಪ್ರೋಟೀನ್ ಮಯೋಸಿನ್. ಅದರಲ್ಲಿ ಹಲವು ಬಗೆಗಳಿವೆ. ಎಲ್ಲವೂ ಮಾಡುವ ಕೆಲಸ ಒಂದೇ, ರಚನೆ ಮತ್ತು ವೇಗ ಮಾತ್ರ ಸ್ವಲ್ಪ ಬೇರೆ. ಇಂಥ ಒಂದೊಂದು ಬಗೆಯನ್ನೂ ಐಸೋಫಾರ್ಮ್ ಅನ್ನುತ್ತಾರೆ.

ಹೊಟ್ಟೆಯೊಳಗಿನ ಮಗುವಿನ ಸ್ನಾಯುವಿನಲ್ಲಿ ಭ್ರೂಣದ ಮಯೋಸಿನ್ ಜಾಸ್ತಿ. ಹುಟ್ಟುವ ಹೊತ್ತಿಗೆ ಇನ್ನೊಂದು ಬಗೆ ಮುಂದೆ ಬರುತ್ತದೆ. ಆಮೇಲೆ ದೊಡ್ಡವರ ಬಗೆಗಳು ನೆಲೆಯಾಗುತ್ತವೆ: ನಿಧಾನದ 1, ವೇಗದ 2ಎ, ಅದಕ್ಕಿಂತ ವೇಗದ 2ಎಕ್ಸ್. ಆದರೆ ಹಳೆಯ ಜೀನ್‌ಗಳು ಎಲ್ಲೂ ಹೋಗಿರುವುದಿಲ್ಲ, ಸುಮ್ಮನಾಗಿರುತ್ತವೆ ಅಷ್ಟೇ. ನನಗೆ ತುಂಬಾ ಇಷ್ಟವಾಗುವ ವಿಷಯ ಇದೇ.

ಸ್ನಾಯುವಿಗೆ ಪೆಟ್ಟಾದಾಗ ಎಳೆಗಳ ಅಂಚಿನಲ್ಲಿರುವ ಸ್ಯಾಟಲೈಟ್ ಕೋಶಗಳು ಎಚ್ಚರಗೊಳ್ಳುತ್ತವೆ. 1961ರಲ್ಲಿ ಇವನ್ನು ಗುರುತಿಸಿದವರು ಅಲೆಕ್ಸಾಂಡರ್ ಮೌರೋ. ಈ ಕೋಶಗಳಿಂದ ಹೊಸ ಎಳೆ ಹುಟ್ಟುವಾಗ ಭ್ರೂಣದ ಮಯೋಸಿನ್ ಮತ್ತೆ ಕಾಣಿಸಿಕೊಳ್ಳುತ್ತದೆ! ಎಪ್ಪತ್ತು ವರ್ಷದವರಲ್ಲೂ ಹೀಗೇ. ಸ್ನಾಯುವಿನ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯಲ್ಲಿ ಅದು ಕಂಡರೆ, ಅಲ್ಲಿ ಸ್ನಾಯು ಹೊಸದಾಗಿ ಕಟ್ಟಿಕೊಳ್ಳುತ್ತಿದೆ ಅಂತ ವೈದ್ಯರಿಗೆ ತಿಳಿಯುತ್ತದೆ.

ಮುಂದೆ ಆ ಎಳೆ ನಿಧಾನದ್ದಾಗಬೇಕೋ ವೇಗದ್ದಾಗಬೇಕೋ? ಇದರಲ್ಲಿ ನರದ ಮಾತು ಬಹಳ ನಡೆಯುತ್ತದೆ. 1960ರಲ್ಲಿ ಬುಲ್ಲರ್ ಮತ್ತು ಜಾನ್ ಎಕ್ಲ್ಸ್ ತಂಡ ಬೆಕ್ಕುಗಳ ಎರಡು ಸ್ನಾಯುಗಳ ನರಗಳನ್ನು ಅದಲುಬದಲು ಮಾಡಿ ಜೋಡಿಸಿತು. ನಿಧಾನದ ಸ್ನಾಯು ಚುರುಕಾಯಿತು, ವೇಗದ್ದು ನಿಧಾನವಾಯಿತು. ಮಯೋಸಿನ್ ಬಗೆಯೂ ಬದಲಾಗುತ್ತದೆ ಅನ್ನೋದು ಆಮೇಲೆ ತಿಳಿಯಿತು.

ನರವೇ ಕಡಿದುಹೋದರೆ? ಸ್ನಾಯು ಸೊರಗುತ್ತದೆ. ಇಲಿಯ ಮೀನಖಂಡದ ಸೋಲಿಯಸ್‌ನಂಥ ನಿಧಾನದ ಸ್ನಾಯುವಿನಲ್ಲಿ ವೇಗದ ಬಗೆಗಳು ಹೆಚ್ಚುತ್ತವೆ. ಕೆಲಸವಿಲ್ಲದ ಸ್ನಾಯು ಇನ್ನೂ ನಿಧಾನ ಆಗಬೇಕಿತ್ತು ಅನ್ನಿಸುತ್ತದೆ, ಅಲ್ವಾ? ಹಾಗಾಗುವುದಿಲ್ಲ. ನಿಧಾನದ ಬಗೆ ಉಳಿಯಬೇಕಾದರೆ ನರದ ಸಂದೇಶ ಬಿಡದೆ ಬರುತ್ತಿರಬೇಕು.

ನರದ ಸಂದೇಶ ನಿಂತ ಸ್ನಾಯುವಿನಲ್ಲಿ ಬದಲಾಗುವುದು ಮಯೋಸಿನ್ ಒಂದೇ ಅಲ್ಲ, ಆ ಸಂದೇಶ ಹಿಡಿಯುವ ಅಸಿಟೈಲ್‌ಕೋಲಿನ್ ಗ್ರಾಹಕವೂ ಭ್ರೂಣದ ರೂಪಕ್ಕೆ ಮರಳುತ್ತದೆ. ನರ ಸೇರುವ ಜಾಗದಲ್ಲಷ್ಟೇ ಇದ್ದದ್ದು ಎಳೆಯ ಉದ್ದಕ್ಕೂ ಹರಡುತ್ತದೆ. ಸ್ನಾಯು ಹೀಗಾದವರಿಗೆ ಅರಿವಳಿಕೆಯ ವೇಳೆ ಸ್ನಾಯು ಸಡಿಲಿಸುವ ಔಷಧಿ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ದಿಢೀರನೆ ಏರಿ ಹೃದಯ ನಿಲ್ಲಬಹುದು. ಬೆನ್ನುಹುರಿಗೆ ಪೆಟ್ಟಾಗಿ ಕೆಲವು ದಿನ ಕಳೆದವರಿಗೆ ಅರಿವಳಿಕೆ ವೈದ್ಯರು ಈ ಔಷಧಿ ಕೊಡದಿರುವುದು ಇದಕ್ಕೇ.