ಗೋಡೆಗೆ ತೂಗುವ ತೆರೆದ ಕಂಪ್ಯೂಟರ್ ಕೇಸ್ ಮುಂಬಯಿಗೆ ಆಗಿಬರುತ್ತದೆಯೇ?

ಪ್ರಶ್ನೆ: ಮಲಾಡ್‌ನಲ್ಲಿ ನಮ್ಮದು ಒಂದು ಬಿಎಚ್‌ಕೆ ಮನೆ. ಟೇಬಲ್ ಮೇಲೆ ಜಾಗವಿಲ್ಲ. ಥರ್ಮಲ್‌ಟೇಕ್ ಕೋರ್ ಪಿ3 ತರಹದ, ಗೋಡೆಗೆ ತೂಗುವ ತೆರೆದ ಕೇಸ್ ಇಷ್ಟವಾಗಿದೆ. ಸುತ್ತ ಮುಚ್ಚಿಲ್ಲದ್ದರಿಂದ ತಂಪಾಗಿಯೂ ಇರುತ್ತದಲ್ಲವೇ?

ಉತ್ತರ: ಚಂದಕ್ಕಾಗಿ ತಗೊಳ್ಳುವುದಾದರೆ ತಗೊಳ್ಳಿ, ತಂಪಿಗಾಗಿ ಬೇಡ. ಎಷ್ಟು ಸಲ ಬರೆದರೂ "ಮುಚ್ಚಿಲ್ಲ ಅಂದಮೇಲೆ ಬಿಸಿ ಎಲ್ಲಿ ನಿಲ್ಲುತ್ತೆ?" ಎಂಬ ಮಾತು ಮತ್ತೆ ಬರುತ್ತದೆ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ.

ಬಿಸಿಯನ್ನು ಗಾಳಿ ಹೊತ್ತೊಯ್ಯಬೇಕು. ಮುಚ್ಚಿದ ಕೇಸಿನಲ್ಲಿ ಮುಂದಿನ ಎರಡು 120 ಮಿ.ಮೀ. ಫ್ಯಾನ್ ಎಳೆದುಕೊಂಡ ಗಾಳಿ ಹಿಂದಿನ ಫ್ಯಾನಿನತ್ತ ಹೋಗುವಾಗ ಪ್ರೊಸೆಸರಿಗೆ ಕರೆಂಟ್ ಹದಮಾಡಿ ಕೊಡುವ ವಿಆರ್‌ಎಂ, ರ‍್ಯಾಮ್, ಎಂ.2 ಎಸ್‌ಎಸ್‌ಡಿ (ಡೇಟಾ ಇಡುವ ಚಿಕ್ಕ ಡ್ರೈವ್) ಎಲ್ಲವನ್ನೂ ಸವರಿಕೊಂಡು ಹೋಗುತ್ತದೆ. ತೆರೆದ ಕೇಸಿನಲ್ಲಿ ಆ ದಾರಿಯೇ ಇಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಸ್ವಂತ ಫ್ಯಾನ್ ಇರುವುದರಿಂದ ಅದರ ಉಷ್ಣತೆ ಕೆಲವು ಡಿಗ್ರಿ ಇಳಿಯಬಹುದು. ಜನ ಆ ಒಂದು ಅಂಕಿ ನೋಡಿ ತೃಪ್ತರಾಗುತ್ತಾರೆ, ಸ್ವಂತ ಫ್ಯಾನ್ ಇಲ್ಲದ ಭಾಗಗಳನ್ನು ನೋಡುವುದೇ ಇಲ್ಲ. ದ್ರವ ಹರಿಸಿ ತಂಪಾಗಿಸುವ ಲಿಕ್ವಿಡ್ ಕೂಲರ್ ಹಾಕಿದರಂತೂ ಪ್ರೊಸೆಸರ್ ಸುತ್ತ ಗಾಳಿಯಾಡಿಸುವ ಫ್ಯಾನೂ ಇರುವುದಿಲ್ಲ.

ನಂಬಿಕೆ ಬರದಿದ್ದರೆ ಈಗಿರುವ ಕೇಸಿನಲ್ಲೇ ಪರೀಕ್ಷಿಸಿ. ಅರ್ಧ ಗಂಟೆ ಗೇಮ್ ಓಡಿಸಿ, ಉಷ್ಣತೆ ತೋರಿಸುವ ತಂತ್ರಾಂಶ ಎಚ್‌ಡಬ್ಲ್ಯೂಇನ್ಫೋದಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಮೂರರದ್ದೂ ಬರೆದುಕೊಳ್ಳಿ. ಪಕ್ಕದ ಪ್ಯಾನೆಲ್ ತೆಗೆದು, ಕೋಣೆಯ ಫ್ಯಾನ್, ಎಸಿ ಹಾಗೇ ಇಟ್ಟು ಇನ್ನೊಮ್ಮೆ ಓಡಿಸಿ. ಎರಡು ಮೂರು ಡಿಗ್ರಿ ವ್ಯತ್ಯಾಸವಿದ್ದರೆ ತೆರೆದ ಕೇಸಿನಿಂದ ನಿಮಗೆ ಸಿಗುವುದು ಏನೂ ಇಲ್ಲ. ಹತ್ತು ಡಿಗ್ರಿ ಇಳಿದರೆ ಈಗಿನ ಕೇಸಿಗೆ ಗಾಳಿ ಸಾಲದು. ಜಾಲರಿ ಮುಖದ ಕೇಸ್ ಹಾಕಿದರೆ ಸರಿಹೋಗುತ್ತದೆ.

ಇನ್ನು ಧೂಳು. ತೆರೆದ ಕೇಸಿಗೆ ಫಿಲ್ಟರ್ ಇಲ್ಲ, ಮೊದಲ ದಿನದ ತಂಪು, ಬಿಸಿ ಹೀರುವ ಲೋಹದ ಹೀಟ್‌ಸಿಂಕ್ ರೆಕ್ಕೆಗಳಲ್ಲಿ ಧೂಳು ಕಟ್ಟುವವರೆಗೆ ಮಾತ್ರ. ಮಲಾಡ್, ವರ್ಸೋವಾ, ಗೋವೆಯ ವಾಸ್ಕೊದಂಥ ಕಡೆ ಆ ಧೂಳಿನಲ್ಲಿ ಕಡಲ ಉಪ್ಪೂ ಇರುತ್ತದೆ. ಗಾಳಿಯ ತೇವಾಂಶ ಸುಮಾರು ಶೇ. 75 ದಾಟಿದರೆ ಉಪ್ಪು ನೀರು ಹೀರಿ ಕರಗುತ್ತದೆ. ಮುಂಬಯಿ ಮಳೆಗಾಲದಲ್ಲಿ ಇದು ದಿನನಿತ್ಯದ ಮಾತು. ಭಾಗಗಳೆಲ್ಲ ಕೂರುವ ಮದರ್‌ಬೋರ್ಡಿನ ಮೇಲೆ ಕರೆಂಟ್ ಹರಿಸುವ ತೆಳು ಪದರ ಕೂತು ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ಸಿಸ್ಟಮ್ ಓಡುತ್ತಿದ್ದರೆ ಅದರ ಬಿಸಿಗೇ ಬೋರ್ಡ್ ಒಣಗಿರುತ್ತದೆ. ಚೌತಿಗೆಂದು ಊರಿಗೆ ಹೋಗಿ ವಾರಗಟ್ಟಲೆ ಆಫ್ ಇಟ್ಟಾಗಲೇ ಅಪಾಯ. ಪುಣೆಯಲ್ಲಿ ಉಪ್ಪಿನ ಕಾಟವಿಲ್ಲ, ಧೂಳು ತಪ್ಪಿದ್ದಲ್ಲ.

ಇಷ್ಟಾದರೂ ಅದೇ ಬೇಕೆಂದರೆ, ಮಳೆ ಹೊಡೆಯುವ ಹೊರಗೋಡೆಗೆ ತೂಗಬೇಡಿ, ಜುಲೈನಲ್ಲಿ ಅದು ಒಸರುತ್ತದೆ. ಒಳಗೋಡೆ ಸಿಪೊರೆಕ್ಸ್ (ಹಗುರ ಕಾಂಕ್ರೀಟ್) ಬ್ಲಾಕಿನದ್ದಾದರೆ ಸ್ಕ್ರೂ ಹಿಡಿದಿಡುವ ಮಾಮೂಲಿ ಪ್ಲಾಸ್ಟಿಕ್ ಗಿಟ್ಟಿ ಅಷ್ಟು ಭಾರ ತಡೆಯದು, ಆ ಬ್ಲಾಕಿಗೆಂದೇ ಬರುವ ಆ್ಯಂಕರ್ ಹಾಕಿಸಿ. ವಿಆರ್‌ಎಂ ಕಡೆ ಮುಖಮಾಡಿ ಒಂದು 120 ಮಿ.ಮೀ. ಫ್ಯಾನ್ ಕೂರಿಸಿ. ಹದಿನೈದು ದಿನಕ್ಕೊಮ್ಮೆ, ಪ್ಲಗ್ ಕಿತ್ತು, ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದುಕೊಂಡು ಬ್ಲೋವರ್ ಹೊಡೆಯಿರಿ; ಹಿಡಿಯದಿದ್ದರೆ ಫ್ಯಾನ್ ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಗ್ರಾಫಿಕ್ಸ್ ಕಾರ್ಡನ್ನು ಬೋರ್ಡಿಗೆ ಜೋಡಿಸುವ ರೈಸರ್ ಕೇಬಲ್ ಹಾಕಿದ ಮೇಲೆ ಪರದೆ ಕಪ್ಪಾಗುತ್ತಿದ್ದರೆ, ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪುಟ ಬಯೋಸ್‌ನಲ್ಲಿ ಪಿಸಿಐಇ ಸ್ಲಾಟನ್ನು (ಕಾರ್ಡ್ ಕೂರುವ ಗೂಡು) ಜೆನ್ 3ಕ್ಕೆ, ಅಂದರೆ ಕಡಿಮೆ ವೇಗಕ್ಕೆ, ಇಳಿಸಿ ನೋಡಿ.

ಮುಂಬಯಿಯ ಕಂಪ್ಯೂಟರ್ ಪೇಟೆಯಾದ ಲ್ಯಾಮಿಂಗ್ಟನ್ ರೋಡಿನಲ್ಲಿ ಈಗ ಹೆಚ್ಚು ಕಾಣುವ, ಎರಡು ಕಡೆ ಗಾಜಿನ ಕೇಸುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಅವು ಕೆಳಗಿನಿಂದ, ಪಕ್ಕದಿಂದ ಗಾಳಿ ಎಳೆಯುತ್ತವೆ. ಆ ಪಕ್ಕವನ್ನು ಗೋಡೆಗೆ ಒತ್ತಿಟ್ಟರೆ ಉಸಿರು ಕಟ್ಟುತ್ತದೆ, ಕನಿಷ್ಠ 10 ಸೆಂ.ಮೀ. ಬಿಡಿ. ಆ ಟೆಂಪರ್ಡ್ (ಕಾಯಿಸಿ ಗಟ್ಟಿಮಾಡಿದ) ಗಾಜಿನ ಶತ್ರು ನೆಲದ ಟೈಲ್ಸ್. ಟೈಲ್ಸ್ ಗಾಜಿಗಿಂತ ಗಟ್ಟಿ. ಗಾಜಿನ ಮೂಲೆ ಮೆಲ್ಲಗೆ ತಾಗಿದರೂ ಒಳಗಿನ ಬಿಗಿತ ಬಿಚ್ಚಿಕೊಂಡು ಇಡೀ ಪ್ಯಾನೆಲ್ ಪುಡಿಯಾಗಬಹುದು. ಸ್ಕ್ರೂ ಇರುವ ಪ್ಯಾನೆಲ್ ಆದರೆ ಕೇಸನ್ನು ಮಲಗಿಸಿ, ಸ್ಕ್ರೂ ಬಿಚ್ಚಿ, ಗಾಜನ್ನು ನೇರ ಮೇಲೆತ್ತಿ ಹಾಸಿಗೆಯ ಮೇಲಿಡಿ. ಮತ್ತೆ ಹಾಕುವಾಗ ಕೈಯಲ್ಲೇ ಬಿಗಿಮಾಡಿ. ರಬ್ಬರ್ ವಾಷರ್ ಕಳೆದಿದ್ದರೆ ಹೊಸದು ತರುವವರೆಗೆ ಗಾಜು ಕೂರಿಸಬೇಡಿ.